ಹಂದಿತೊಡೆಯ ಸಾಕ್ಷಿ

ಯೋರಿಸನ ಮೊಣಕಾಲಿಗೆ ಹದಿನೇಳು ಹೊಲಿಗೆ.
ಕೊಯ್ದದ್ದು ಯಾವುದೆಂದು ಅವನಿಗೇ ಗೊತ್ತಿಲ್ಲ.
ಕಲ್ಲುಹಾಸಿನ ದಾರಿ, ಕೆಸರು, ಮುಂದೆ ಒಬ್ಬ ಬಿದ್ದ,
ಅವನ ಮೇಲೊಬ್ಬ, ಆಮೇಲೆ ಇಪ್ಪತ್ತು ಜನ
ಒಟ್ಟಿದ ಸೌದೆಯ ಹಾಗೆ.
ಎದ್ದು ನೋಡಿದರೆ ಚಿಪ್ಪಿನ ಕೆಳಗೆ
ಬಾಯಿ ತೆರೆದ ಗೆರೆ, ನೆಟ್ಟಗೆ,
ಯಾರೋ ಅಳತೆಪಟ್ಟಿ ಇಟ್ಟು ಎಳೆದಂತೆ.

ನೆಟ್ಟಗಿದ್ದದ್ದೇ ತಪ್ಪಾಯಿತು.
ಕಲ್ಲು ಹೀಗೆ ಕೊಯ್ಯುವುದಿಲ್ಲ ಅಂದರು ತಂಡದವರು.
ಸಂಜೆಯೊಳಗೆ ಗೆಂಟ್‌ನಿಂದ ಔಡೆನಾರ್ಡೆಯವರೆಗೆ
ಬಿಯರಿನ ಮೇಜುಗಳಲ್ಲೆಲ್ಲ ತೀರ್ಪು:
ಡಿಸ್ಕು. ಚಕ್ರದ ನಡುವೆ ತಿರುಗುವ ಆ ಉಕ್ಕಿನ ತಟ್ಟೆ.

ನಾನು ಮೆಕ್ಯಾನಿಕ್. ಆ ತಟ್ಟೆ ಕೂರಿಸಿದ ಕೈ ಇದು.
ರಾತ್ರಿ ಸೈಕಲ್ ತೊಳೆದೆ.
ರಕ್ತ ಡಿಸ್ಕಿನ ಮೇಲಿತ್ತು, ನಿಜ.
ಚೈನಿನ ಹಲ್ಲುಗಳ ಮೇಲೂ ಇತ್ತು,
ಕಡ್ಡಿಗಳ ಮೇಲೆ, ನೀರಿನ ಬಾಟಲಿಯ ಮೇಲೆ.
ರಕ್ತಕ್ಕೆ ಬೆರಳು ಮಾಡಿ ತೋರಿಸಲು ಬರುವುದಿಲ್ಲ.

ಮರುದಿನ ಗೋಡೆಲೀವತ್ತೆಯ ಅಂಗಡಿಗೆ ಹೋದೆ.
ಐವತ್ತು ವರ್ಷದಿಂದ ಮಾಂಸ ಮಾರುವವಳು,
ಹ್ಯಾಮ್ ಕೊಯ್ಯುವ ಯಂತ್ರದ ದುಂಡಲಗನ್ನು
ನಿದ್ದೆಯಲ್ಲೂ ಒರೆಸಬಲ್ಲವಳು.
ಎಡಗೈಯಲ್ಲಿ ನಾಲ್ಕೇ ಬೆರಳು.
"ತಿರುಗುವುದೆಲ್ಲ ಕೊಯ್ಯುವುದಿಲ್ಲ ಕಣೋ ಲೀವೆನ್,
ಆದರೆ ಕೊಯ್ಯುವುದು ಹೇಳಿ ಕೊಯ್ಯುವುದಿಲ್ಲ" ಅಂದಳು.
ಹಂದಿಯ ತೊಡೆಯೊಂದನ್ನು ಕಾಗದದಲ್ಲಿ ಸುತ್ತಿಕೊಟ್ಟಳು.
ದುಡ್ಡು ಎಣಿಸಿ ತಗೊಂಡಳು.

ಶೆಡ್ಡಿನ ಬಾಗಿಲು ಹಾಕಿ
ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ
ಪೆಡಲು ತಿರುವಿ, ಬ್ರೇಕು ಹಿಡಿದು ಬಿಟ್ಟು ಹಿಡಿದು,
ಕಾದ ಹೊಸ ಡಿಸ್ಕಿಗೆ ತೊಡೆ ಒತ್ತಿದೆ.
ಚುರ್ ಎಂದಿತು. ಸುಟ್ಟ ಕೂದಲಿನ ವಾಸನೆ,
ಒಂದು ಕಂದು ಗೆರೆ. ಅಷ್ಟೆ.
ಉಸಿರು ಬಿಟ್ಟೆ.

ಆಮೇಲೆ ಯೋರಿಸನದೇ ಡಿಸ್ಕು ಹಾಕಿದೆ,
ಚಳಿಗಾಲವಿಡೀ ಮರಳು ತಿಂದು ತೆಳುವಾದದ್ದು.
ಸವೆದದ್ದೇ ಹರಿತ.
ಚರ್ಮ ದಾರಿ ಬಿಟ್ಟಿತು, ಕೊಬ್ಬು ದಾರಿ ಬಿಟ್ಟಿತು,
ಒಳಗೆ ಬೆಳ್ಳಗೆ ಏನೋ ಕಂಡಿತು.
ಚಕ್ರವನ್ನು ನಾನು ಕೈಯಿಂದ ನಿಲ್ಲಿಸಲಿಲ್ಲ,
ತಾನೇ ನಿಲ್ಲುವವರೆಗೆ ಕಾದೆ.

ಸರಿ, ಇನ್ನೇನು, ಕಿತ್ತು ಬಿಸಾಕು ಅನ್ನುತ್ತೀರಿ.
ನನಗೊಬ್ಬ ಅಣ್ಣ ಇದ್ದ, ಬವೋ.
ಅವನ ಕಾಲಕ್ಕೆ ಡಿಸ್ಕಿಲ್ಲ, ರಿಮ್ಮಿಗೆ ರಬ್ಬರು.
ಆರ್ಡೆನ್ನಿನ ಇಳಿಜಾರು, ಮಳೆ.
ಹಿಡಿಕೆ ಹಿಸುಕಿದರೆ ರಬ್ಬರು ಮೊದಲು ನೀರು ಒರೆಸುತ್ತದೆ,
ಒರೆಸಿ ಮುಗಿದ ಮೇಲೆ ಹಿಡಿಯುತ್ತದೆ.
ಆ ಒರೆಸುವಷ್ಟು ಹೊತ್ತಿನಲ್ಲಿ
ಒಂದು ತಿರುವು, ಹಾಲಿನ ಡೈರಿಯ ಗೋಡೆ.
ಮೈಮೇಲೆ ಒಂದು ಗೀರೂ ಇರಲಿಲ್ಲ.
ಅಮ್ಮ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು,
ಒಂದು ಗೀರೂ ಇರಲಿಲ್ಲ, ನೋಡಿ ಬೇಕಾದರೆ.
ರಬ್ಬರನ್ನು ನಿಷೇಧಿಸಿ ಎಂದು ಯಾರೂ ಕೇಳಲಿಲ್ಲ.
ಮಳೆಯ ತಲೆಗೆ ಕಟ್ಟಿದರು.

ಹಾಳು ಮಾಡಬಾರದೆಂದು ಅತ್ತೆ
ಗಾಯದ ಸುತ್ತ ಕೊಯ್ದು ತೆಗೆದು
ಉಳಿದ ತೊಡೆಯನ್ನು ಬಿಯರಿನಲ್ಲಿ ಬೇಯಿಸಿದಳು.
ಯೋರಿಸ್ ಬಂದ, ಊರುಗೋಲು ಗೋಡೆಗೊರಗಿಸಿ ಕೂತ.
ಏನೂ ಗೊತ್ತಿಲ್ಲದೆ ಎರಡು ಸಲ ಬಡಿಸಿಕೊಂಡ.
ನಾವು ಮೂವರೂ ಸೇರಿ ಸಾಕ್ಷಿಯನ್ನು ತಿಂದೆವು.
"ವಾಸಿಯಾದ ಮೇಲೆ ನನ್ನ ಸೈಕಲ್ಲಿಗೆ ಯಾವುದು ಹಾಕುತ್ತೀ?"
ಅತ್ತೆ ನನ್ನ ಮುಖ ನೋಡಿದಳು.
ಹೊರಗೆ ತಗಡಿನ ಮೇಲೆ ಒಂದೊಂದೇ ಹನಿ.
"ಉಪ್ಪು ಬೇಕಾ?" ಅಂದೆ.

ಅವನು ಹೋದ ಮೇಲೆ ಅರ ಹಿಡಿದು ಕೂತೆ.
ಹನ್ನೆರಡು ಹೊಸ ಡಿಸ್ಕು. ಅಂಚುಗಳನ್ನು
ದುಂಡಗೆ, ಇನ್ನೂ ದುಂಡಗೆ ಉಜ್ಜಿದೆ.
ಎಳೆಮಗುವಿನ ಉಗುರು ಕತ್ತರಿಸಿದ ತಾಯಿ
ಆ ಬೆರಳನ್ನು ತನ್ನ ಕೆನ್ನೆಗೆ ಒತ್ತಿಕೊಂಡು ನೋಡುವುದಿಲ್ಲವೆ,
ಹಾಗೆ ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿದೆ.
ಬೆಳಗಾಗುವಾಗ ಹನ್ನೊಂದು ಮುಗಿದಿದ್ದವು.
ಮಳೆ ನಿಂತಿರಲಿಲ್ಲ.